ಅಡುಗೆಮನೆಯತ್ತ ಬಂದ ಭೂಕಂಪ

ಆ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷದವರೆಗೆ ನಾನು ಧೈರ್ಯವಂತನೆಂದೇ ನಂಬಿದ್ದೆ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಅಂಥ ನಂಬಿಕೆ ಸಹಜ. ಪಾಠದಲ್ಲಿ ಬರುವ ಭೂಕಂಪ ಹಲಗೆ ಒರೆಸಿದರೆ ಮುಗಿಯುತ್ತದೆ.

ಹಲಗೇರಿಯ ನಮ್ಮ ಮನೆಯ ಹಿಂದಿನ ಹೊಲದಾಚೆ ಒಂದು ಕಂಪನಿಯವರು ನೆಲದಾಳದ ಬಿಸಿಬಂಡೆ ಹುಡುಕುತ್ತಿದ್ದರು. ಕೊಳವೆಬಾವಿಗೆ ಒತ್ತಿ ನೀರು ಬಿಟ್ಟರೆ ಕೆಳಗಿನ ಬಂಡೆ ಸಣ್ಣಗೆ ಚಿಟ್ ಎಂದು ಬಿರಿಯುತ್ತದೆ. ನೆಲದಲ್ಲಿ ಹೂತಿಟ್ಟ ಪೆಟ್ಟಿಗೆಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಆ ಸದ್ದು ಎಲ್ಲೆಲ್ಲಿಂದ ಬಂತೆಂದು ನೋಡಿ ಬಿಸಿ ಜಾಗದ ಅಳತೆ, ಅದರಿಂದ ಸಿಗಬಹುದಾದ ಶಾಖದ ಅಂದಾಜು. ಕೆಲವು ಪೆಟ್ಟಿಗೆಗಳು ನಮ್ಮ ಹಿತ್ತಲಲ್ಲೂ ಇದ್ದವು. ಇದನ್ನೆಲ್ಲ ವಿವರಿಸಿದಾಗ ಹೆಂಡತಿ ಗಿರಿಜಾ, "ಅಷ್ಟು ಬಿಸಿ ಇದ್ರ ನನ್ನ ಮೆಣಸಿನಕಾಯಿ ಲಗೂ ಒಣಗಬೇಕಿತ್ತಲ್ರಿ?" ಎಂದಳು. ಬ್ಯಾಡಗಿ ಮಾರುಕಟ್ಟೆಗೆ ಹೋಗಬೇಕಾದ ಬೆಳೆಯಷ್ಟೂ ಹಿತ್ತಲಲ್ಲಿ ಕೆಂಪಗೆ ಹರಡಿತ್ತು.

ಅಂದು ಕಂಪನಿಯ ಎಂಜಿನಿಯರ್ ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು ಪಂಪಿನ ಬಳಿಗೆ ಹೋದ. ನಾನು ಇಣುಕಿದೆ. ಪರದೆಯ ಮೇಲೆ ಸದ್ದಿಗೊಂದರಂತೆ ಮೂಡುವ ಚುಕ್ಕೆಗಳು ಹಿತ್ತಲ ಬೇಲಿಯಿಂದ ಹೊರಟು, ಸಾಲಾಗಿ, ನಮ್ಮ ಅಡುಗೆಮನೆಯತ್ತ ಬರುತ್ತಿದ್ದವು! ಬಂಡೆಯ ಬಿರುಕು ಮನೆಯಡಿಗೇ ಬಂತೆಂದು ಕೂಗಿಕೊಂಡು ಓಡಿದೆ. ಗ್ಯಾಸ್ ಸಿಲಿಂಡರನ್ನು ಅಂಗಳಕ್ಕೆ ಎಳೆದೆ, ಗಿರಿಜಾಳನ್ನೂ ಎಳೆದೆ. ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದ, ಎಪ್ಪತ್ತು ದಾಟಿದ ಅವ್ವನನ್ನು ಎತ್ತಿಕೊಂಡೇ ಓಡಿದೆ.

"ಏ ಹುಚ್ಚಪ್ಪಾ, ಇಳಿಸೋ! ಚಾ ಕುಡಿಯಾಕ ಬಂದ್ರ ಹೆಣಾ ಹೊತ್ತಂಗ ಹೊತ್ತೀಯಲ್ಲೋ!"

"ಅವ್ವಾ, ನೆಲ ಸೀಳಾಕತ್ತೈತಿ!"

ಕೂಗು ಕೇಳಿ ಬಂದ ಎಂಜಿನಿಯರ್ ಪರದೆ ನೋಡಿ, "ಸರ್, ಆಳ ಸೊನ್ನೆ ಅಂತಿದೆಯಲ್ಲ? ಯಾರೋ ಮೇಲೆ ನಡೆದಿದ್ದಾರೆ," ಎಂದ. ಅವ್ವ ಬೆಳಗಿನಿಂದ ಮೆಣಸಿನಕಾಯಿಯ ನಡುವೆ ಪಾದ ಎಳೆಯುತ್ತ, ಸಾಲು ಸಾಲಾಗಿ ಮಗುಚುತ್ತಿದ್ದಳು. ಚಹಾದ ಹೊತ್ತಿಗೆ ಸಾಲು ಅಡುಗೆಮನೆ ಮುಟ್ಟಿತ್ತು.

"ನಿಮ್ಮ ಪುಸ್ತಕದಾಗ ನಮ್ಮ ಅತ್ತಿ ಕಾಲಿನ ಪಾಠ ಇರಲಿಲ್ಲೇನ್ರಿ?" ಎಂದಳು ಗಿರಿಜಾ.

ಅವರ ನಗೆ ಮುಗಿದರೂ ನನ್ನ ಹೆದರಿಕೆ ಮುಗಿಯಲಿಲ್ಲ. ಕಣ್ಣು ಮುಚ್ಚಿದರೆ ಅದೇ ಚುಕ್ಕೆಗಳು. ನೆಲದ ನಡುಕ ತಿಳಿಯಲೆಂದು ಅಂಗೈಯನ್ನು ಗೋಡೆಗೆ ಒತ್ತಿಕೊಂಡು ರಾತ್ರಿಯೆಲ್ಲ ಎಚ್ಚರವಿರುತ್ತಿದ್ದೆ. ಕೊನೆಗೆ ಕಂಪನಿಯವರು ಪೆಟ್ಟಿಗೆಗಳನ್ನು ಕಿತ್ತುಕೊಂಡು ಹೋದ ದಿನ ರಾತ್ರಿ ಬೆಳಗಿನವರೆಗೂ ನಿದ್ದೆ ಬಂತು. ಎದ್ದು ನೋಡಿದರೆ ಅತ್ತೆ ಸೊಸೆ ಇಬ್ಬರೂ ಅಂಗಳದಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ ಕೂತಿದ್ದರು.

"ರಾತ್ರಿ ಅಡಗಿಮನ್ಯಾಗ ಭಾಂಡೆ ಪಾತ್ರೆ ಗಡಗಡ ಅಂದ್ವುರಿ," ಎಂದಳು ಗಿರಿಜಾ. "ಲಾರಿನೋ ಏನೋ. ಹೆದರಿ ಚೀಲಾ ಎಳಕೊಂಡು ಹೊರಗ ಬಂದ್ವಿ."

"ಮತ್ತ ನಾನು?"

ಅವ್ವ ಸಮಾಧಾನ ಮಾಡಿದಳು: "ಇಕಿ ಎಬ್ಬಸ್ತೀನಂದ್ಲು ತಮ್ಮಾ. ನಾನೇ ಬ್ಯಾಡಂದೆ. ಭಾಳ ದಿನದ ಮ್ಯಾಲೆ ಮಲಗಿದ್ದಿ."