ಅಂಗಾಲಿನ ಮೆತ್ತೆ

ಕೊಬ್ಬು ಎಂದರೆ ಟೀಚರಮ್ಮನಿಗೆ ಮೈಯೆಲ್ಲ ಉರಿ. ಮೈ ಇಳಿಸುವ ತರಗತಿ ನಡೆಸುವವರಿಗೆ ಅದು ಸಹಜವೇ ಅನ್ನಿ. ಆದರೆ ಹಣೆಬರಹ ನೋಡಿ, ಕಟ್ಟಿಕೊಂಡದ್ದು ಬೇಕರಿಯವನನ್ನು! ಮಹಡಿಯ ಮೇಲೆ ಹೆಂಡತಿ ಕರಗಿಸುವುದು, ಕೆಳಗೆ ಗಂಡ ಬೆಳೆಸುವುದು. ಗಂಡನ ಬನ್ನನ್ನು ಆಕೆ ಮದುವೆಯಾದಾಗಿನಿಂದ ಮೂಸಿಯೂ ನೋಡಿರಲಿಲ್ಲ. "ಅದು ತಿಂಡಿಯಲ್ಲ ಕಣ್ರೀ, ನಿಧಾನವಾಗಿ ಏರೋ ವಿಷ" ಎನ್ನುತ್ತಿದ್ದರು. (ಆ ವಿಷ ಮಾರಿದ ದುಡ್ಡಲ್ಲೇ ಮಹಡಿ ಎದ್ದದ್ದು, ಆ ಮಾತು ಬೇರೆ.)

ವಾರಕ್ಕೊಮ್ಮೆ ಶಿಷ್ಯೆಯರನ್ನು ಕನ್ನಡಿಯ ಮುಂದೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೊಟ್ಟೆಯನ್ನೂ ಎರಡು ಬೆರಳಲ್ಲಿ ಚಿವುಟಿ ತೀರ್ಪು ಕೊಡುವುದು ಆಕೆಯ ಪದ್ಧತಿ. ತೀರ್ಪು ಸದಾ ಒಂದೇ: "ಸಾಲದು! ಮನಸ್ಸಿಟ್ಟು ಮಾಡಿ!" ಬಟ್ಟೆ ಹೊಲಿಯುವ ದರ್ಜಿಯಕ್ಕನಿಗಂತೂ, "ಇದೇನಮ್ಮ ಹೊಟ್ಟೆ, ಹಿಟ್ಟು ಕಲಸಿಟ್ಟ ಹಾಗಿದೆ" ಎಂಬ ವಿಶೇಷ ಬಿರುದು.

ಇಂಥ ಟೀಚರಮ್ಮನಿಗೆ ಕಾಲೇ ಕೈಕೊಟ್ಟಿತು. ಹೆಜ್ಜೆಯಿಟ್ಟರೆ ಸಾಕು, ಬೆರಳ ಬುಡದಲ್ಲಿ ಗಾಜಿನ ಚೂರು ತುಳಿದಂಥ ನೋವು. ಮೆತ್ತನೆಯ ಚಪ್ಪಲಿಗೂ ಬಗ್ಗಲಿಲ್ಲ. ಕುಣಿಸುವವಳೇ ಕುಂಟಿದರೆ ತರಗತಿಗೆ ಬೀಗವೇ ಗತಿ ಎಂದು ಹೆದರಿ, ಗಂಡನನ್ನು ಎಳೆದುಕೊಂಡು ಡಾಕ್ಟರ ಬಳಿ ಹೋದರು.

"ಇಲ್ಲಿ ಕೊಬ್ಬಿನ ಮೆತ್ತೆ ಇರ್ಬೇಕಮ್ಮ, ಮೂಳೆ ನೆಲಕ್ಕೆ ಬಡೀಬಾರ್ದು ಅಂತ" ಎಂದರು ಡಾಕ್ಟರು, ಅಂಗಾಲು ಒತ್ತುತ್ತ. "ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಕುಣಿದು ಕುಣಿದು ನಿಮ್ಮದು ಸವೆದೇ ಹೋಗಿದೆ. ಹೊಟ್ಟೆಯಿಂದ ಸ್ವಲ್ಪ ಕೊಬ್ಬು ತೆಗೆದು ಅಲ್ಲಿಗೆ ತುಂಬಬಹುದು."

"ಕೊಬ್ಬಾ? ನನ್ನ ಕಾಲಿಗಾ?"

ಡಾಕ್ಟರು ಆಕೆಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿದರು. ಚರ್ಮ ಬಂತು, ಬೇರೇನೂ ಬರಲಿಲ್ಲ.

ಗಂಡ ತನ್ನ ಹೊಟ್ಟೆಯನ್ನು ಧಾರಾಳವಾಗಿ ಮುಂದೆ ಚಾಚಿದ. "ನನ್ನದು ತಗೊಳ್ಳಿ ಡಾಕ್ಟ್ರೇ. ಇವಳೊಬ್ಬಳಿಗಲ್ಲ, ಇಡೀ ಬೀದಿಗೆ ಸಾಕಾಗುತ್ತೆ."

"ಥೂ, ಸುಮ್ನಿರ್ರೀ!"

"ಇನ್ನೊಬ್ಬರದು ಆಗಲ್ಲ, ಅವರದೇ ಬೇಕು" ಎಂದರು ಡಾಕ್ಟರು. "ಸ್ವಲ್ಪ ಮೈ ತುಂಬಿಕೊಂಡು ಬನ್ನಿ. ಆಮೇಲೂ ಉಪವಾಸ ಗಿಪವಾಸ ಬೇಡ, ಕಾಲಿಂದೂ ಕರಗಿಬಿಡಬಹುದು."

ದಾರಿಯುದ್ದಕ್ಕೂ ಟೀಚರಮ್ಮ ಬೈದದ್ದೇ ಬೈದದ್ದು. "ಓದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಆ ಮನುಷ್ಯಂದು!" ಮನೆಯ ಮೆಟ್ಟಿಲು ಹತ್ತುವಾಗ ಮಾತ್ರ ಬಾಯಿ ಮುಚ್ಚಿತು, ಕಣ್ಣು ತುಂಬಿತು. ಕೊನೆಯ ಮೆಟ್ಟಿಲಲ್ಲಿ ಕುಸಿದು ಕೂತು ಹೇಳಿದರು: "ತಿಂತೀನಿ. ಆದ್ರೆ ಶಿಷ್ಯೆಯರಿಗೆ ಗೊತ್ತಾದ್ರೆ ನನ್ನ ಮಾನ ಮೂರು ಕಾಸಿಗೆ ಹರಾಜು. ಅಂಗಡಿ ಹಿಂದೆ ಮೈದಾ ಚೀಲ ಇಡ್ತೀರಲ್ಲ, ಆ ಕೋಣೇಲಿ ತಿಂತೀನಿ."

ಗಂಡ ಏಕೋ ಕೆಮ್ಮಿದ. "ಅಲ್ಲಿ ಬೇಡ ಕಣೇ, ಇಲಿ ಇದಾವೆ."

"ನಿಮ್ಮನ್ನೇ ಸಹಿಸ್ಕೊಂಡಿದೀನಿ, ಇಲಿ ಏನು ಮಹಾ!"

ಮರುದಿನ ತರಗತಿ ಮುಗಿಸಿ, ಎಲ್ಲರೂ ಇಳಿದು ಹೋದ ಮೇಲೆ, ಟೀಚರಮ್ಮ ಬೆಣ್ಣೆ ಬನ್ನೊಂದನ್ನು ಟವೆಲಿನಲ್ಲಿ ಮುಚ್ಚಿಕೊಂಡು ಕುಂಟುತ್ತ ಹೋಗಿ ಆ ಕೋಣೆಯ ಬಾಗಿಲು ತಳ್ಳಿದರು.

ಮೈದಾ ಚೀಲಗಳ ಮೇಲೆ ಇಡೀ ತರಗತಿ ಕೂತಿತ್ತು. ಎಲ್ಲರ ಕೈಯಲ್ಲೂ ಕೇಕು. ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಕಣ್ಣು ಬಿಟ್ಟರು.

"ಅಯ್ಯೋ ನಾಚಿಕೆಗೆಟ್ಟವರಾ!" ಟೀಚರಮ್ಮನ ದನಿ ಸೂರು ಮುಟ್ಟಿತು. "ಇದಕ್ಕೇ ಏನ್ರೇ ನಾನು ದಿನಾ ಗಂಟಲು ಹರ್ಕೊಳ್ಳೋದು? ಮೇಲೆ ಕುಣಿಯೋದು, ಕೆಳಗೆ ಮೇಯೋದು!"

ಅಷ್ಟರಲ್ಲಿ ಒಲೆಯ ಕಡೆಯಿಂದ ಗಂಡನ ಕೂಗು: "ಲೇ, ಬನ್ನಿಗೆ ಇನ್ನಷ್ಟು ಬೆಣ್ಣೆ ಸವರ್ಕೋ! ಹೊಟ್ಟೇಲಿ ಕೊಬ್ಬು ಬೆಳೀದಿದ್ರೆ ಡಾಕ್ಟ್ರು ಕಾಲಿಗೆ ಏನು ತುಂಬ್ತಾರೆ?"

ಟವೆಲು ಜಾರಿತು. ಬನ್ನು ಎಲ್ಲರಿಗೂ ದರ್ಶನ ಕೊಟ್ಟಿತು.

ದರ್ಜಿಯಕ್ಕ ನಿಧಾನವಾಗಿ ಎದ್ದಳು. ಸೆರಗಿನ ಮೇಲಿನ ಚೂರು ಕೊಡವಿ, ಟೀಚರಮ್ಮನ ಮುಂದೆ ಬಂದು ನಿಂತು, ಆಕೆಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿದಳು.

"ಸಾಲದು ಟೀಚರ್" ಎಂದಳು. "ಮನಸ್ಸಿಟ್ಟು ಮಾಡಿ!"