ಎರಡು ಇಲಿ, ಒಂದು ಕೀಬೋರ್ಡ್

ನಮ್ಮ ಮಾಮಾ ಕೊಯಾಲಿಯ ರಿಫೈನರಿಯಿಂದ ನಿವೃತ್ತರಾದರು ಎಂದು ಬಂಧುಬಳಗವೆಲ್ಲ ನಂಬಿದೆ. ಶುದ್ಧ ಸುಳ್ಳು! ಅವರು ನಿವೃತ್ತರಾಗಲೇ ಇಲ್ಲ. ರಿಫೈನರಿಯನ್ನೇ ವಡೋದರಾದ ತಮ್ಮ ಫ್ಲಾಟಿಗೆ ವರ್ಗ ಮಾಡಿಸಿಕೊಂಡರು. ಮಿಕ್ಸರ್ ತೊಳೆಯುವಾಗ ಅದರ ಸ್ವಿಚ್ಚಿಗೆ 'ಕೆಲಸ ನಡೆದಿದೆ, ಮುಟ್ಟಬೇಡಿ' ಎಂಬ ಕೆಂಪು ಚೀಟಿ ತೂಗುತ್ತದೆ. ಬಲ್ಬು ಬದಲಿಸಬೇಕಾದರೆ ತಲೆಗೆ ಹೆಲ್ಮೆಟ್ ಬೇಕು. ತರಕಾರಿ ತರಲು ಹೊರಡುವ ಮುನ್ನ ಬಾಗಿಲಲ್ಲಿ ನಿಂತು ಅವರು ಮಾಮಿಗೆ ಪಾಳಿ ಒಪ್ಪಿಸುತ್ತಾರೆ.

"ಹಾಲು ಸಣ್ಣ ಉರಿ ಮ್ಯಾಲ ಐತಿ. ಕುಕ್ಕರ್ ಒಂದು ಸೀಟಿ ಹೊಡದೈತಿ. ಟಾಂಕಿ ಅರ್ಧ ತುಂಬೈತಿ. ತಿಳೀತು?"

"ತಿಳೀತು, ಹೋಗ್ರಿ."

"ತಿಳೀತು ಅಂದ್ರ ಸಾಲೂದಿಲ್ಲ. ನಾ ಹೇಳಿದ್ದು ತಿರುಗಿ ಹೇಳು."

ಮಾಮಿ ತಿರುಗಿ ಹೇಳುವುದು ಬೇರೆಯದನ್ನೇ. ಅದು ಇಲ್ಲಿ ಬರೆಯುವಂಥದ್ದಲ್ಲ.

ಇಂಥ ಮನುಷ್ಯ ಒಂದು ಹಳೆಯ ಕಂಪ್ಯೂಟರ್ ಆಟದ ಬೆನ್ನು ಹತ್ತಿದರೆ ಹೇಗಿರಬೇಡ? ಆಟವಾದರೂ ಎಂಥದು! ಒಂದು ಗೋದಾಮು, ಎರಡು ಇಲಿ, ಒಂದು ಬೆಕ್ಕು. ಇಲಿಗಳು ಕಾಳು ಹೆಕ್ಕಿಕೊಂಡು ಬಿಲ ಸೇರಬೇಕು. ಬೆಕ್ಕು ಹಿಡಿದರೆ 'ಟುಂಯ್' ಎಂದು ಸಾಯಬೇಕು. ಆಡುವ ಇಬ್ಬರೂ ಒಂದೇ ಕೀಬೋರ್ಡಿನ ಎರಡು ತುದಿ ಹಂಚಿಕೊಂಡು, ಭುಜಕ್ಕೆ ಭುಜ ತಾಗಿಸಿ ಕೂರಬೇಕು. ರಿಫೈನರಿಯ ಕ್ವಾರ್ಟರ್ಸಿನಲ್ಲಿದ್ದ ಕಾಲಕ್ಕೆ ಕರಿ ಇಲಿ ಮಾಮಾ, ಬಿಳಿ ಇಲಿ ಅವರ ಒಬ್ಬಳೇ ಮಗಳು ಬೇಬಿ. ಅಥವಾ ಬಿಳಿ ಇಲಿ ಮಾಮಾ ಆಗಿದ್ದರೋ? ರಜೆಗೆ ಹೋದಾಗ ನಾನು ಹಿಂದೆ ನಿಂತು ನೋಡುತ್ತಿದ್ದದ್ದು ನಿಜ. ಆದರೆ ನನ್ನ ನೆನಪು ಇಂಥ ಕಡೆ ತನಗೆ ಬೇಕಾದ ಬಣ್ಣ ಹಚ್ಚಿಬಿಡುತ್ತದೆ. ಅದನ್ನು ನಾನು ಬಾಡಿಗೆದಾರನನ್ನು ನಂಬುವಷ್ಟು ಮಾತ್ರ ನಂಬುತ್ತೇನೆ.

ಈ ಆಟದ ಹುಚ್ಚು ಕೆರಳಿದ್ದು ಬೇಬಿ ಸೂರತ್ತಿನಿಂದ ಬಂದ ಮೇಲೆ. ಒಂದು ಸೂಟ್‌ಕೇಸ್ ಹಿಡಿದು, ಗಂಡನ ಮನೆ ಬಿಟ್ಟು ಬಂದಿದ್ದಳು. ಯಾಕೆಂದು ಹೇಳಲಿಲ್ಲ. ತನ್ನ ಖೋಲಿ ಹೊಕ್ಕು ಬಾಗಿಲು ಹಾಕಿಕೊಂಡಳು. ಊಟಕ್ಕೆ ಬರುವಳು, ಎರಡು ತುತ್ತು ತಿನ್ನುವಳು, ಹೋಗುವಳು. ಸುದ್ದಿ ತಿಳಿದ ನಂಟರೆಲ್ಲ ಬಂದರು. ಒಬ್ಬೊಬ್ಬರೂ ಅವಳ ಎದುರು ಕುರ್ಚಿ ಎಳೆದುಕೊಂಡು, ಮುಖದಲ್ಲಿ ಮುಖವಿಟ್ಟು, ತಲೆ ವಾರೆ ಮಾಡಿ ಕೇಳಿದರು: "ಏನಾತವಾ?" ನಾನೂ ಕೇಳಿದೆ, ವಿಡಿಯೋ ಕಾಲಿನಲ್ಲಿ. ಅವಳು ಸಿಗ್ನಲ್ ಇಲ್ಲ ಎಂದಳು. ಆ ಮನೆಯಲ್ಲಿ ಸಿಗ್ನಲ್ ಸದಾ ಚೆನ್ನಾಗಿಯೇ ಇರುತ್ತದೆ.

ಕೇಳದೆ ಉಳಿದವರು ಮಾಮಾ ಒಬ್ಬರೇ. ಅವರು ಏನು ಮಾಡಿದರು ಗೊತ್ತೇ? ಲಾಫ್ಟ್ ಹತ್ತಿದರು!

"ಮಗಳು ಬಾಯಿ ಬಿಡವಲ್ಲಳು, ಇವರು ಹೆಲ್ಮೆಟ್ ಹಾಕ್ಕೊಂಡು ಲಾಫ್ಟಿನ್ಯಾಗ ಕುಂತಾರ," ಎಂದು ಮಾಮಿ ಫೋನಿನಲ್ಲಿ ಗೋಳಾಡಿದರು. ಹಿಂದೆಯೇ ಮಾಮಾ ಫೋನ್ ಕಸಿದುಕೊಂಡರು.

"ತಮ್ಮಾ, ಹಳೇ ಗೇಮು ಹೊಸಾ ಕಂಪ್ಯೂಟರಿನ್ಯಾಗ ಓಡತೈತೇನು?"

ಮನೆಮಂದಿಗೆಲ್ಲ ವಾಟ್ಸ್ಯಾಪ್ ಹಾಕಿಕೊಟ್ಟ ಕಾರಣಕ್ಕೆ ನಾನು ನಮ್ಮ ವಂಶದ ಕಂಪ್ಯೂಟರ್ ಪಂಡಿತ. "ಈಗ ಅದ್ಯಾಕ ಮಾಮಾ? ಫೋನಿನ್ಯಾಗ ಇದಕ್ಕಿಂತ ಚಲೋ ಇಲಿ ಪುಕ್ಕಟ ಸಿಗ್ತಾವು. ಬೇಬಿ ತನ್ನ ಖೋಲ್ಯಾಗ, ನೀವು ನಿಮ್ಮ ಖೋಲ್ಯಾಗ ಕುಂತು ಆಡಬಹುದು."

"ಅದೇ ಬ್ಯಾಡಾಗೇತಿ," ಎಂದು ಮಾಮಾ ಫೋನ್ ಇಟ್ಟರು.

ಹಳೆಯ ಕಂಪ್ಯೂಟರ್ ಸತ್ತು ಲಾಫ್ಟ್ ಸೇರಿ ಎಷ್ಟೋ ಕಾಲವಾಗಿತ್ತು. ಅದರ ಎದೆ ಬಿಚ್ಚಿ, ಆಟವಿದ್ದ ಹಾರ್ಡ್ ಡಿಸ್ಕನ್ನು ಮಾತ್ರ ತೆಗೆದು, ಧಕ್ಕೆಯಾಗದಿರಲೆಂದು ಮಫ್ಲರಿನಲ್ಲಿ ಸುತ್ತಿ, ಸ್ಟೀಲಿನ ತಿಂಡಿ ಡಬ್ಬಿಯಲ್ಲಿಟ್ಟು ಮಾಮಾ ನಾನಿರುವ ಅಹಮದಾಬಾದಿನ ರೈಲು ಹತ್ತಿದರು. ಗುಜರಾತಿನ ರೈಲಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂರುವುದು ಎಂಥ ತಪ್ಪು ಎಂಬುದು ಇಷ್ಟು ವರ್ಷ ಇಲ್ಲಿದ್ದವರಿಗೆ ಹೊಳೆಯಬಾರದೇ? ಎದುರಿನ ಬಾ, ಅಂದರೆ ಒಬ್ಬ ಅಜ್ಜಿ, ತಮ್ಮ ಡಬ್ಬಿ ತೆರೆದು ಮೆಂತ್ಯದ ರೊಟ್ಟಿ ಥೇಪ್ಲಾ ಕೊಟ್ಟರು. ಮಾಮಾ ತಿಂದರು. ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ ಛುಂದೋ ಕೊಟ್ಟರು. ನೆಕ್ಕಿದರು. ಆಮೇಲೆ ಎದುರಿನ ಸೀಟಿನ ಇಡೀ ಸಾಲು ಮಾಮಾನ ಡಬ್ಬಿಯನ್ನೇ ನೋಡುತ್ತ ಕೂತಿತು. ಇನ್ನು ಮುಚ್ಚಿಟ್ಟರೆ ಮರ್ಯಾದೆಯಲ್ಲ ಎಂದು ಮಾಮಾ ಮುಚ್ಚಳ ತೆಗೆದು, ಮಫ್ಲರ್ ಬಿಚ್ಚಿ ತೋರಿಸಿದರು.

ಅಜ್ಜಿ ಬಗ್ಗಿ ನೋಡಿ, ಮರುಕದಿಂದ ಹೇಳಿದರಂತೆ: "ಆ ತೋ ಸುಕಾಯೀ ಗಯೂ ಛೇ!" ಇದು ಒಣಗಿಯೇ ಹೋಗಿದೆಯಲ್ಲ!

ಈ ಅಜ್ಜಿ ಮಾಮಾ ಹೇಳುವಾಗ ಒಮ್ಮೆ ಆಣಂದದಲ್ಲಿ ರೈಲು ಹತ್ತುತ್ತಾರೆ, ಒಮ್ಮೆ ನಡಿಯಾದದಲ್ಲಿ. ನಾನು ರೈಲಿನಲ್ಲಿರಲಿಲ್ಲ. ಆದರೆ ಮಣಿನಗರ ಸ್ಟೇಷನ್ನಿನಲ್ಲಿ ಮಾಮಾನನ್ನು ಇಳಿಸಿಕೊಂಡಾಗ ಹಾರ್ಡ್ ಡಿಸ್ಕಿಗೆ ಛುಂದೋದ ವಾಸನೆ ಇತ್ತು. ಅಷ್ಟಕ್ಕೆ ನಾನು ಸಾಕ್ಷಿ.

ನವರಂಗಪುರದಲ್ಲಿ ನನ್ನ ಆಫೀಸಿನ ಹತ್ತಿರ, ನೆಲಮಾಳಿಗೆಯ ಒಂದು ಕಂಪ್ಯೂಟರ್ ಅಂಗಡಿಗೆ ಕರೆದೊಯ್ದೆ. ಅಂಗಡಿಯವ ಡಿಸ್ಕನ್ನು ಎರಡು ಬೆರಳಲ್ಲಿ ಎತ್ತಿ ನಕ್ಕ. "ಕಾಕಾ, ಆ ತೋ ಮ್ಯೂಸಿಯಮ್‌ಮಾ ಆಪೀ ದೋ!"

ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ ಎಂದದ್ದಕ್ಕೆ ಮಾಮಾ ಅವನ ಭಾಷೆಯಲ್ಲೇ ಬಾರಿಸಿದರು: "ಪಹೇಲಾ ಗೇಮ್ ಆಪೋ, ಪಛೀ ಹೂಂ ಪಣ ಮ್ಯೂಸಿಯಮ್‌ಮಾ ಜೈಶ್." ಮೊದಲು ಆಟ ಕೊಡು, ಆಮೇಲೆ ನಾನೂ ಅಲ್ಲಿಗೇ ಹೋಗುತ್ತೇನೆ!

ಡಿಸ್ಕು ಕರಕರ ಎಂದಿತು, ನರಳಿತು, ಕೊನೆಗೆ ಬಾಯಿಬಿಟ್ಟಿತು. ಆಟ ಪೆನ್ ಡ್ರೈವಿಗೆ ಬಂತು. ಗೋದಾಮು, ಬೆಕ್ಕು, ಇಲಿ, ಕಾಳು ಎಲ್ಲ ಸೇರಿ, ಮಾಮಿ ದಿನಾ ಬೆಳಿಗ್ಗೆ ಕಳಿಸುವ ಒಂದು ಗುಲಾಬಿ ಹೂವಿನ ಚಿತ್ರಕ್ಕಿಂತ ಚಿಕ್ಕದಾಗಿತ್ತು!

ಶನಿವಾರ ನಾನೇ ವಡೋದರಾಕ್ಕೆ ಹೋದೆ. ಪಡಸಾಲೆಯಲ್ಲಿ ಹೊಸ ಕಂಪ್ಯೂಟರ್ ಸಿದ್ಧವಾಗಿತ್ತು. ಎರಡು ಕುರ್ಚಿ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಬೇಬಿಯ ಬಾಗಿಲು ಮುಚ್ಚಿತ್ತು. ಆಟದ ಮೇಲೆ ಒತ್ತಿದೆ. ಈ ಪ್ರೋಗ್ರಾಮ್ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಉತ್ತರ ಬಂತು.

"ಎಷ್ಟು ಮರ್ಯಾದಿಲೆ ಹೇಳತೈತಿ ನೋಡು," ಎಂದರು ಮಾಮಾ. "ಹಳೇದಾಗಿದ್ರ ಸುಮ್ನ ಸತ್ತುಬಿಡತಿತ್ತು."

ಇದಕ್ಕೊಂದು ಉಪಾಯವಿದೆ ಎಂದು ನಾನು ವಿವರಿಸಿದೆ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿ ಕೂರುವ ಪ್ರೋಗ್ರಾಮ್ ಒಂದಿದೆ. ಅದನ್ನು ಹಾಕಿದರೆ ಆಟ ತಾನಿನ್ನೂ ಹಳೆಯ ಕಾಲದಲ್ಲೇ ಇದ್ದೇನೆಂದು ನಂಬುತ್ತದೆ.

"ಅಂದ್ರ ಅದಕ್ಕ ಸುಳ್ಳು ಹೇಳೂದು."

"ಹೌದು ಮಾಮಾ."

"ಹಂಗಾದ್ರ ಉಂಗುರ ತಗಿ, ತೋಳು ಮಡಚು. ಶುರು ಮಾಡು."

ಶುರುವಾಯಿತು. ಶುರುವಾಯಿತೇ? ತೆರೆ ಮಿಂಚಿತು, ಏನೋ ಸರ್ರನೆ ಹರಿಯಿತು, ಟುಂಯ್ ಟುಂಯ್, ಆಟ ಮುಗಿಯಿತು. ಹಳೆಯ ಆಟಕ್ಕೆ ತನ್ನದೇ ಗಡಿಯಾರವಿಲ್ಲ. ಕಂಪ್ಯೂಟರ್ ಎಷ್ಟು ವೇಗವೋ ಅದೂ ಅಷ್ಟೇ ವೇಗ. ನಾವು ಕೀಲಿಗೆ ಬೆರಳಿಡುವಷ್ಟರಲ್ಲಿ ಇಲಿಗಳು ಹುಟ್ಟಿ ಸತ್ತಿದ್ದವು.

"ಆ ಬೆಕ್ಕಿಗೆ ಏನು ತಿನ್ನಿಸೀರಿ?" ಎಂದು ಮಾಮಿ ಅಡುಗೆಮನೆಯಿಂದ ಬಂದು ಕೇಳಿದರು.

ವೇಗ ಇಳಿಸಬಹುದೆಂದು ಹೇಳಿದ್ದೇ ತಡ, ಮಾಮಾ ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡರು. ಕಂಟ್ರೋಲ್ ರೂಮ್!

"ವಾಲ್ವ್ ಮುಚ್ಚು. ಸಾವಕಾಶ."

"ಮುಚ್ಚಾಕತ್ತೀನಿ."

"ಮುಚ್ಚಿದ ಮ್ಯಾಲ ಹೇಳು!"

ಇಳಿಸುತ್ತ ಬಂದೆ. ಆದರೆ ಎಲ್ಲಿ ನಿಲ್ಲಿಸುವುದು? ಆಗಿನ ವೇಗ ಯಾವುದು? ಆಟದ ಮೊದಲಿಗೆ ಬರುವ ಸಂಗೀತವನ್ನು ನೆನೆಸಿಕೊಂಡು ಮಾಮಾ ಹಾಡಿದರು, ಪೊಲೀಸ್ ಪರೇಡಿನ ವೇಗದಲ್ಲಿ. ಮಾಮಿ, "ಹಂಗಲ್ರೀ, ಅದು ಜೋಗುಳಧಂಗ ಇತ್ತು," ಎಂದು ಎಳೆದೆಳೆದು ಹಾಡಿದರು. ನಾನು ನನ್ನದೇ ಮೂರನೆಯದನ್ನು ಹಾಡಿದೆ. ಒಂದೇ ಕಾಲ, ಒಂದೇ ಮನೆ, ಒಂದೇ ಕಂಪ್ಯೂಟರ್. ಮೂವರ ಕಿವಿಯಲ್ಲಿ ಮೂರು ಆಟ! ಮೂವರೂ ಜಗಳವಾಡುತ್ತ, ಗಂಟಲು ಹರಿಯುವಂತೆ ಇಲಿಗಳ ಸಂಗೀತ ಹಾಡುತ್ತಿದ್ದೆವು.

ಬೇಬಿಯ ಬಾಗಿಲು ತೆರೆಯಿತು.

"ಪಪ್ಪಾ, ಏನು ಮಾಡ್ತಾ ಇದೀರಿ? ಎಲ್ಲಾರೂ ತಪ್ಪು. ಇಷ್ಟು ಫಾಸ್ಟ್ ಎಲ್ಲಿತ್ತು? ಬಿಲ್ಲೀ ತೋ ಲಂಗಡಾತೀ ಥೀ." ಬೆಕ್ಕು ಕುಂಟುತ್ತಿತ್ತಂತೆ! ರಿಫೈನರಿಯ ಟೌನ್‌ಶಿಪ್ಪಿನಲ್ಲಿ ಬೆಳೆದ ಹುಡುಗಿ. ಅವಳ ಕನ್ನಡ ಎರಡು ವಾಕ್ಯಕ್ಕೇ ದಣಿದು ಹಿಂದಿಯ ಹೆಗಲೇರುತ್ತದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ವೇಗ ಇಳಿಸಿದಳು. ಇನ್ನೂ ಇಳಿಸಿದಳು. ಬೆಕ್ಕು ಕುಂಟತೊಡಗಿತು.

ಮಾಮಿ ಈಗ ಹೇಳುವ ಪ್ರಕಾರ ಬೇಬಿ ಹೊರಬಂದದ್ದು ನೀರು ಕುಡಿಯಲು, ನಮ್ಮ ಹಾಡಿಗಲ್ಲ. ಇರಬಹುದು. ಆದರೆ ಅವಳು ನೀರು ಕುಡಿಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು. ಮಾಮಾ ಪಕ್ಕದ ಕುರ್ಚಿಯಲ್ಲಿ ಕೂತರು.

"ಪಪ್ಪಾ, ಮೊಣಕೈ ತಗೀರಿ."

"ನಿಂದು ತಗಿ. ಇದು ನನ್ನ ಏರಿಯಾ."

"ಅರೇ, ನನ್ನ ಕಾಳು ಯಾಕೆ ತಿಂದ್ರಿ? ಚೀಟಿಂಗ್!"

ಟುಂಯ್. ಟುಂಯ್. ಮಾಮಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದರು. ಒಲೆ ಆರಿಸಿ ಕಿವಿಗೊಟ್ಟರು. ಆ ಮನೆಯಲ್ಲಿ ಬೇಬಿಯ ದನಿ ಅಷ್ಟು ಜೋರಾಗಿ ಕೇಳದೆ ತಿಂಗಳುಗಳೇ ಆಗಿದ್ದವು.

ಇನ್ನೊಂದು ಆಟ ಶುರುವಾಯಿತು. ಬೇಬಿಯ ಕಣ್ಣು ತೆರೆಯ ಮೇಲಿತ್ತು, ಬೆರಳು ಕೀಲಿಗಳ ಮೇಲೆ. ಅದೇ ದನಿಯಲ್ಲಿ, ಕಾಳಿನ ಬಗ್ಗೆ ಮಾತಾಡುವಂತೆಯೇ, ಅವಳು ಹೇಳಿದಳು: "ಪಪ್ಪಾ, ಸೂರತ್‌ನಲ್ಲಿ ನಾನು ಮಾತಾಡಿದ್ರೆ ಯಾರೂ..."

ಮಾಮಿ ಪಡಸಾಲೆಯತ್ತ ಧಾವಿಸಿದರು. ಮಾಮಾ ತಲೆ ತಿರುಗಿಸಲಿಲ್ಲ. ಬೆನ್ನ ಹಿಂದೆ ಒಂದು ಕೈ ಎತ್ತಿ ಅಂಗೈ ತೋರಿಸಿದರು. ಮಾಮಿ ಅಲ್ಲೇ ನಿಂತರು. ನಾನು ಅವರನ್ನು ಮೆಲ್ಲಗೆ ಅಡುಗೆಮನೆಗೆ ಕರೆದುಕೊಂಡು ಹೋದೆ. ಬೇಬಿ ಮುಂದೆ ಏನು ಹೇಳಿದಳು ಎಂಬುದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಬರೆಯುತ್ತಿರಲಿಲ್ಲ.

ಅಡುಗೆಮನೆಯ ಬಾಗಿಲಿನಿಂದ ಅವರಿಬ್ಬರ ಬೆನ್ನು ಕಾಣುತ್ತಿತ್ತು, ನಡುವೆ ತೆರೆಯ ಒಂದು ತುಂಡು. ಬಿಳಿ ಇಲಿ ಓಡುತ್ತಿತ್ತು. ಮಾಮಾನ ಕರಿ ಇಲಿ ಗೋದಾಮಿನ ಮೂಲೆಯಲ್ಲಿ ನಿಂತುಬಿಟ್ಟಿತ್ತು. ಬೆಕ್ಕು ಬಂತು, ಹಿಡಿಯಿತು, ಆಟ ಮುಗಿಯಿತು. ಬೇಬಿಯ ಮಾತೂ ಅರ್ಧಕ್ಕೆ ನಿಂತಿತು. ಮಾಮಾ ಅವಳ ಕಡೆ ನೋಡದೆ, ಕೈ ಚಾಚಿ ಮತ್ತೆ ಶುರುವಿನ ಕೀಲಿ ಒತ್ತಿದರು.

ಬಿಳಿ ಇಲಿ ಓಡತೊಡಗಿತು, ಬೇಬಿ ಮತ್ತೆ ಮಾತಾಡತೊಡಗಿದಳು. ಕರಿ ಇಲಿ ನಿಂತೇ ಇತ್ತು, ಕೇಳುತ್ತ.