ಮಾಮನ ಅವಸರ, ಬುಟ್ಟಿಯವನ ಗ್ರಹಚಾರ

ಮುಂಬಯಿಯ ಲೋಕಲ್ ಗಾಡಿಗಳು ಓಡುವುದನ್ನು ಕಲಿತದ್ದೇ ನಮ್ಮ ಮಾಮನನ್ನು ನೋಡಿ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಮುಲುಂಡ್ ಸ್ಟೇಷನ್ನಿನ ಹೊರಗೆ ವಡಾಪಾವ್ ಮಾರುವವನನ್ನು ಕೇಳಿ ನೋಡಿ. ದಿನಾ ಬೆಳಿಗ್ಗೆ ಅವನ ಮುಂದೆಯೇ ಹಾದುಹೋಗುವ ಮಾಮನನ್ನು ಅವನು ಒಂದು ದಿನವೂ ಪೂರ್ತಿಯಾಗಿ ನೋಡಿಲ್ಲವಂತೆ. ಒಂದು ದಿನ ಚೀಲ ಕಂಡಿದೆ, ಇನ್ನೊಂದು ದಿನ ಬೆನ್ನು!

ಮಾಮ ಎಂದರೆ ನನ್ನ ತಾಯಿಯ ತಮ್ಮ. ಮೈಸೂರು ಬಿಟ್ಟು ಬಂದು ಫೋರ್ಟಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದವರು. ಸಂಜೆ ಮನೆಗೆ ಬರುವಾಗ ಮುಲುಂಡಿನಲ್ಲಿ ಇಳಿಯುವವರೆಲ್ಲ ಹಿಂದಿನ ಸ್ಟೇಷನ್ ಭಾಂಡುಪ್ ಬಂದಾಗ ಎದ್ದರೆ, ಇವರು ಅದಕ್ಕೂ ಮೂರು ಸ್ಟೇಷನ್ ಮೊದಲು ಘಾಟ್ಕೋಪರಿನಲ್ಲೇ ಎದ್ದು ಬಾಗಿಲು ಹಿಡಿಯುವರು. “ಯಾಕೆ ಮಾಮ, ಗಾಡಿಗಿಂತ ಮುಂಚೆ ನೀವೇ ತಲುಪಿಬಿಡ್ತೀರಾ?” ಎಂದು ಒಮ್ಮೆ ಕೇಳಿದ್ದೆ. “ಪ್ರಯತ್ನ ಪಡೋದ್ರಲ್ಲಿ ತಪ್ಪೇನೇ?” ಅಂದರು. ಮದುವೆಗಳಲ್ಲಂತೂ ಪುರೋಹಿತರು ಕೆಮ್ಮಿದರೆ ಸಾಕು, ಅಕ್ಷತೆ ಎಸೆದುಬಿಡುವರು. ಇವರು ಎಸೆದರೆಂದು ಪಕ್ಕದವರು, ಪಕ್ಕದವರು ಎಸೆದರೆಂದು ಹಿಂದಿನ ಸಾಲಿನವರು! ಮಾಟುಂಗಾದ ಒಂದು ಮದುವೆಯಲ್ಲಿ ಮದುಮಗನ ಕೈಗೆ ತಾಳಿ ಬರುವ ಹೊತ್ತಿಗೆ ಸಭಿಕರ ಕೈಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಮಾಮ ಆಗಲೇ ಊಟದ ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸುತ್ತಿದ್ದರು.

ಇಂಥವರಿಗೆ ದೇವರು ಗಂಟು ಹಾಕಿದ್ದು ಯಾರನ್ನು? ನಮ್ಮ ಅತ್ತೆಯನ್ನು! ಅತ್ತೆ ಕೊತ್ತಂಬರಿ ಸೊಪ್ಪು ಬಿಡಿಸಲು ಕೂತರೆ ಒಂದೊಂದು ಎಲೆಯ ಕ್ಷೇಮಸಮಾಚಾರವನ್ನೂ ವಿಚಾರಿಸುತ್ತಿದ್ದಾರೇನೋ ಅನ್ನಿಸುತ್ತಿತ್ತು. ಇಬ್ಬರೂ ಹೊರಗೆ ಹೊರಟರೆ ಮಾಮ ಸ್ಟೇಷನ್ನಿಗೆ ಹೋಗಿ, ಟಿಕೆಟ್ ತೆಗೆಸಿ, ವಾಪಸು ಬಂದು ನೋಡುವಾಗ ಅತ್ತೆ ಇನ್ನೂ ಬಿಲ್ಡಿಂಗಿನ ಗೇಟಿನಲ್ಲಿ ಪಕ್ಕದ ಮನೆ ಕಾಕುವಿನ ಜೊತೆ ಉಪ್ಪಿನಕಾಯಿಯ ಮಾತಾಡುತ್ತಿರುವರು. ಗಾಡಿ ತಪ್ಪಿದರೆ ಅವರದು ಒಂದೇ ಮಾತು.

“ಹೋಗ್ಲಿ ಬಿಡಿ, ಇನ್ನೊಂದು ಗಾಡಿ ಬರುತ್ತೆ.”

“ಇನ್ನೊಂದು ಗಾಡಿ ಬರುತ್ತೆ ಅಂತ ಕೂತೋರೇ ಕಣೇ, ಈ ಪ್ಲಾಟ್‌ಫಾರ್ಮಿನ ಕಂಬಗಳಾಗಿರೋದು!” ಎಂದು ಮಾಮ ಹಾರಾಡುವರು.

ಈ ಮನೆಗೆ ಒಂದು ಕಂಪ್ಯೂಟರ್ ಬಂತು. ಆಫೀಸಿನಲ್ಲಿ ಹೊಸತು ತಂದಾಗ ಮೂಲೆಗೆ ಸೇರಿದ್ದ ಹಳೆಯ ಯಂತ್ರವನ್ನು ಮಾಮ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಬಂದರು. ಕಾಲ ಓಡುತ್ತಿದೆ, ಕಂಪ್ಯೂಟರ್ ಕಲಿಯದವನು ಹಿಂದೆ ಬೀಳುತ್ತಾನೆ ಎನ್ನುವುದು ಅವರ ವಾದ. ಆದರೆ ಅದು ಎದ್ದು ಕೂರುವುದಕ್ಕೆ ತೆಗೆದುಕೊಳ್ಳುವಷ್ಟು ಹೊತ್ತು ಸುಮ್ಮನೆ ಕಾಯುವ ಶಕ್ತಿ ಮಾಮನಿಗೆ ಎಲ್ಲಿಂದ ಬರಬೇಕು? ಹದಿನೈದು ದಿನದಲ್ಲಿ ಅದರ ಸಹವಾಸ ಬಿಟ್ಟರು. ಕಲಿತವರು ಅತ್ತೆ! ಅದರ ಜೊತೆ ಬಂದಿದ್ದ ಕಪ್ಪು ಫ್ಲಾಪಿಯೊಂದರಲ್ಲಿ ಒಂದು ಆಟವಿತ್ತು. ಮೇಲಿನಿಂದ ಹಣ್ಣುಗಳು ಬೀಳುತ್ತವೆ, ಕೆಳಗೆ ಒಬ್ಬ ಪುಟ್ಟ ಮನುಷ್ಯ ಬುಟ್ಟಿ ಹಿಡಿದು ನಿಂತಿದ್ದಾನೆ. ಬಾಣದ ಗುರುತಿನ ಗುಂಡಿ ಒತ್ತಿ ಅವನನ್ನು ಎಡಕ್ಕೋ ಬಲಕ್ಕೋ ಓಡಿಸಿ ಹಣ್ಣು ಹಿಡಿಯಬೇಕು. ಮೂರು ಹಣ್ಣು ನೆಲಕ್ಕೆ ಬಿದ್ದರೆ ಆಟ ಮುಗಿಯಿತು.

ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಅತ್ತೆ ಈ ಬುಟ್ಟಿಯವನ ಜೊತೆ ಕೂರುವರು. ಪರದೆಯ ಮೇಲೆ ಎಲ್ಲವೂ ಹಸಿರು ಚುಕ್ಕೆಗಳೇ. ಆದರೆ ಅತ್ತೆಯ ಕಣ್ಣಿಗೆ ದುಂಡಗಿದ್ದದ್ದು ಕಿತ್ತಳೆ, ಉದ್ದಗಿದ್ದದ್ದು ನುಗ್ಗೇಕಾಯಿ, ಸೊಟ್ಟಗಿದ್ದದ್ದು ಈರುಳ್ಳಿ. ಆಟ ಮಾಡಿದ ಪರದೇಶದ ಮಹಾನುಭಾವನಿಗೆ ನುಗ್ಗೇಕಾಯಿ ಗೊತ್ತಿತ್ತೋ ಇಲ್ಲವೋ! ಏಕಾದಶಿಯ ದಿನ ಮಾತ್ರ ಅತ್ತೆ ಬೇಗ ಸೋಲುತ್ತಿದ್ದರು. ಯಾಕೆಂದರೆ ಅವತ್ತು ಈರುಳ್ಳಿ ಹಿಡಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಅತ್ತೆಗೆ ಸಣ್ಣಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಉಳಿಯಿತು, ಬಲಗೈ ಮಾತ್ರ ಹೇಳಿದ ಮಾತು ಕೇಳದಾಯಿತು. ಬೆರಳುಗಳಿಗೆ ದಿನಾ ಕೆಲಸ ಕೊಡಿ, ಇಲ್ಲದಿದ್ದರೆ ಹಾಗೇ ಉಳಿದುಬಿಡುತ್ತವೆ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. “ನಾನೇನು ನಾಯಿಮರೀನಾ, ಚೆಂಡು ಕೊಟ್ಟು ಆಡಿಸೋಕೆ?” ಎಂದು ಅತ್ತೆ ಅದನ್ನು ಮಂಚದ ಕೆಳಗೆ ಉರುಳಿಸಿದರು. “ಬುಟ್ಟಿಯವನನ್ನ ಹಾಕಿಕೊಡಿ. ಅವನಾದ್ರೆ ಆಡ್ತೀನಿ.”

ಮಾಮನಿಗೆ ಅಷ್ಟು ಸಾಕಿತ್ತು. ಹಳೆಯ ಡಬ್ಬ ಯಾಕೆ, ನನ್ನ ಹೆಂಡತಿಗೆ ಅತ್ಯಂತ ವೇಗದ ಡಬ್ಬವೇ ಬೇಕು ಎಂದು ಓಡಿದರು. ಆಟದ ಫ್ಲಾಪಿಯೊಂದನ್ನು ಉಳಿಸಿಕೊಂಡು, ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸತು ತಂದರು. ಅದರ ಮುಂಭಾಗದಲ್ಲಿ ಕೆಂಪು ದೀಪದ ಅಂಕಿಯಲ್ಲಿ ಮೂವತ್ತಮೂರು ಎಂದು ಹೊಳೆಯುತ್ತಿತ್ತು. “ಅದು ಸ್ಪೀಡು! ಹಳೇದು ಎತ್ತಿನಗಾಡಿ, ಇದು ಡಬಲ್ ಫಾಸ್ಟ್!” ಎಂದು ಬಿಲ್ಡಿಂಗಿನವರಿಗೆಲ್ಲ ತೋರಿಸಿದರು. ಅದು ಮನೆಗೆ ಬಂದದ್ದು ಆಯುಧಪೂಜೆಯ ದಿನ. ಬಿಟ್ಟಾರೆಯೇ? ಡಬ್ಬದ ಹಣೆ ಯಾವುದೆಂದು ಅಂದಾಜು ಮಾಡಿ ಕೆಂಪು ಅಂಕಿಯ ಕೆಳಗೆ ದಪ್ಪಗೆ ಗಂಧ ಬಳಿದು, ಅದರ ಮೇಲೆ ಕುಂಕುಮ ಒತ್ತಿ, ಅದಕ್ಕೊಂದು ಸೇವಂತಿಗೆ ಎಸಳು ಅಂಟಿಸಿದರು. ವಾಹನಕ್ಕಾದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬಹುದು, ಇದಕ್ಕೆ ಚಕ್ರ ಎಲ್ಲಿದೆ? ಕೊನೆಗೆ ಮಾಮ ಡಬ್ಬವನ್ನು ಎತ್ತಿ ಹಿಡಿದರು, ನಾನು ನಿಂಬೆಹಣ್ಣು ಇಟ್ಟೆ, ಮಾಮ ಡಬ್ಬ ಇಳಿಸಿದರು. ರಸ ನನ್ನ ಕಣ್ಣಿಗೆ ಹಾರಿತು!

ಮರುದಿನ ವಿಜಯದಶಮಿ. ಅತ್ತೆಯನ್ನು ಕೂರಿಸಿ, ಬೆರಳನ್ನು ಬಾಣದ ಗುಂಡಿಯ ಮೇಲಿಟ್ಟು ಆಟ ಹಾಕಿದೆವು. ಹಣ್ಣು ಬಿದ್ದದ್ದು ಕಾಣಲೇ ಇಲ್ಲ. ಒಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮೂರೂ ಬಿದ್ದು ಆಟ ಮುಗಿದಿತ್ತು. ಮತ್ತೆ ಹಾಕಿದೆವು, ಮತ್ತೆ ಮುಗಿಯಿತು. ಅತ್ತೆ ತಮ್ಮ ಬಲಗೈಯನ್ನೇ ನೋಡಿಕೊಂಡು ಮೆಲ್ಲಗೆ ಹೇಳಿದರು.

“ನನ್ನ ಕೈ ಇಷ್ಟು ನಿಧಾನ ಆಗೋಯ್ತಾ?”

“ನಿನ್ನ ಕೈಗೇನಾಗಿದೆ? ಡಬ್ಬ ಕೆಟ್ಟಿದೆ!” ಎಂದು ಮಾಮ ತಾವೇ ಆಡಿ ಸೋತು ತೋರಿಸಿದರು. ನಾನೂ ಸೋತೆ.

“ನನ್ನ ಸಮಾಧಾನಕ್ಕೆ ಯಾಕೆ ಸೋಲ್ತೀರಾ,” ಎಂದು ಅತ್ತೆ ಎದ್ದು ಒಳಗೆ ಹೋದರು. ಚೆಂಡು ಮಂಚದ ಕೆಳಗೇ ಇತ್ತು. ನನಗೆ ನಿಜಕ್ಕೂ ಹೆದರಿಕೆಯಾದದ್ದು ಆಗ. ಆಸ್ಪತ್ರೆಯಲ್ಲೂ ನಗುತ್ತಿದ್ದ ಹೆಂಗಸು ಈ ಹಾಳು ಆಟದ ಮುಂದೆ ಕೈಚೆಲ್ಲಿದ್ದರು.

ಅಂದಿನಿಂದ ಮಾಮ ವೈದ್ಯರಾದರು, ಡಬ್ಬ ರೋಗಿಯಾಯಿತು. ಜನ್ಮವಿಡೀ ಲೋಕವನ್ನೆಲ್ಲ ಬೇಗ ಬೇಗ ಎಂದು ಅಟ್ಟಿದ ಮನುಷ್ಯ ಈಗ ಒಂದು ಡಬ್ಬವನ್ನು ನಿಧಾನ ಮಾಡಲು ಹೊರಟಿದ್ದರು. ಅದನ್ನೂ ಅವಸರದಿಂದಲೇ!

ಮೊದಲ ಚಿಕಿತ್ಸೆ ವಿದ್ಯುತ್ತಿನದು. “ಕರೆಂಟ್ ಕಮ್ಮಿ ಆದ್ರೆ ಫ್ಯಾನ್ ನಿಧಾನ ಆಗಲ್ವಾ? ಇದೂ ಹಾಗೇ!” ಎಂದರು ಮಾಮ. ಕರೆಂಟು ಹಂಚಿಹೋಗಲಿ ಎಂದು ಗೀಸರ್, ಇಸ್ತ್ರಿಪೆಟ್ಟಿಗೆ, ಮಿಕ್ಸರ್, ಮೂರು ಫ್ಯಾನು, ಎಲ್ಲವನ್ನೂ ಒಟ್ಟಿಗೆ ಹಾಕಿಸಿದರು. ಬುಟ್ಟಿಯವನು ನಿಧಾನವಾಗಲಿಲ್ಲ, ಇಡೀ ಬಿಲ್ಡಿಂಗೇ ನಿಂತುಹೋಯಿತು. ಲಿಫ್ಟಿನೊಳಗಿಂದ ಸೊಸೈಟಿಯ ಸೆಕ್ರೆಟರಿ ಮರಾಠಿಯಲ್ಲಿ ಕೂಗುವುದು ನಾಲ್ಕನೇ ಮಹಡಿಯವರೆಗೂ ಕೇಳಿಸಿತು.

ಎರಡನೆಯ ವೈದ್ಯರು ಮಾಮನ ಆಫೀಸಿನ ಗೆಳೆಯರು, ಹುಬ್ಬಳ್ಳಿಯವರು. ಒಂದು ಭಾನುವಾರ ಬಂದು, ಮೂರು ಸಲ ಸೋತು, ಮೀಸೆ ಒರೆಸಿಕೊಂಡು ರೋಗನಿದಾನ ಹೇಳಿದರು.

“ಇದು ಹೊಸಾ ಹೋರಿ ಇದ್ದಂಗ ಐತ್ರಿ. ಮೈಯಾಗ ಸೊಕ್ಕು ಭಾಳ. ಒಂದ್ ದಿನ ಪೂರ್ತಿ ಹಚ್ಚಿ ಬಿಡ್ರಿ, ದಣದು ತಾನ ಮೆತ್ತಗಾಗ್ತೈತಿ.”

ಮಾಮ ಬೆಳಗಿನಿಂದ ಸಂಜೆಯವರೆಗೆ ಡಬ್ಬವನ್ನು ಹಚ್ಚಿಬಿಟ್ಟರು. ಗಳಿಗೆಗೊಮ್ಮೆ ಅದರ ಬೆನ್ನು ಮುಟ್ಟಿ “ಬಿಸಿ ಆಗಿದೆ, ದಣೀತಾ ಇದೆ!” ಎಂದು ಸುದ್ದಿ ಕೊಡುವರು. ಸಂಜೆ ಆಡಿ ನೋಡಿದರೆ ಹಣ್ಣುಗಳು ಹಿಂದಿನಷ್ಟೇ ಜೋರಾಗಿ ಉದುರಿದವು. ದಣಿದದ್ದು ಮಾಮ ಒಬ್ಬರೇ.

ಈ ನಡುವೆ ದಿನಾ ಬೆಳಿಗ್ಗೆ ಇನ್ನೊಂದು ನಾಟಕ ನಡೆಯುತ್ತಿತ್ತು. ಅತ್ತೆಗೆ ತಾವೇ ಕುಂಕುಮ ಇಟ್ಟುಕೊಳ್ಳಲು ಬಲಗೈ ಹಣೆಯವರೆಗೆ ಏಳದು. ಎಡಗೈಯಲ್ಲಿ ಕುಂಕುಮ ಮುಟ್ಟಲು ಮನಸ್ಸು ಒಪ್ಪದು. ಹಾಗಾಗಿ ಮಾಮನೇ ಇಡಬೇಕು. ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಹೊಸ್ತಿಲಲ್ಲಿ, ಓಡುತ್ತಾ ಇಟ್ಟ ಕುಂಕುಮ ಒಂದು ದಿನ ಹುಬ್ಬಿನ ಮೇಲೆ, ಒಂದು ದಿನ ಕಿವಿಯ ಹತ್ತಿರ. ಅತ್ತೆ ಕನ್ನಡಿ ನೋಡಿ ಕೇಳುವರು: “ಇವತ್ತು ಯಾವ ಸ್ಟೇಷನ್ನಲ್ಲಿ ಇಳಿಸಿದ್ರಿ? ದಾದರಾ, ಕುರ್ಲಾನಾ?”

ಕೊನೆಗೆ ಮಾಮ ಯಂತ್ರ ಮಾರಿದ ಅಂಗಡಿಯವನ ಮೇಲೆ ಯುದ್ಧ ಸಾರಿದರು. ದಿನಾ ಫೋನು, ದಿನಾ ಜಗಳ. ಅವನೋ ಪಾಪ ಒಂದೇ ಮಾತು ಹೇಳುತ್ತಿದ್ದ. ಹಳೆಯ ಆಟಗಳು ಹಳೆಯ ಯಂತ್ರದ ನಡಿಗೆಗೆ ಹೊಂದಿಕೊಂಡಿರುತ್ತವೆ, ಅದಕ್ಕೆಂದೇ ಹೊಸ ಡಬ್ಬದ ಮುಂದೆ ಟರ್ಬೊ ಎಂಬ ಗುಂಡಿ ಇದೆ, ಅದು ಒಳಗೆ ಒತ್ತಿದ್ದರೆ ಡಬ್ಬ ಓಡುತ್ತದೆ, ಇನ್ನೊಮ್ಮೆ ಒತ್ತಿ ಹೊರಗೆ ಬಿಟ್ಟರೆ ಹಳೆಯದರ ಹಾಗೆ ನಡೆಯುತ್ತದೆ ಎಂದು.

“ಟರ್ಬೊ ಹೈ ಹೀ ನಹೀ ಮೇರೇ ಡಬ್ಬೇ ಮೇ!” ಎಂದು ಮಾಮ ಕಿರುಚುವರು. “ಗುಂಡಿ ಇಲ್ಲದ ಮಾಲು ಕೊಟ್ಟು ನನಗೇ ಪಾಠ ಹೇಳ್ತಾನೆ!”

ನಾನು ಪ್ರತಿ ಭಾನುವಾರ ಬೊರಿವಲಿಯ ನನ್ನ ಮನೆಯಿಂದ ದಾದರಿಗೆ ಬಂದು, ಗಾಡಿ ಬದಲಿಸಿ ಮುಲುಂಡಿಗೆ ಹೋಗುತ್ತಿದ್ದೆ. ದೀಪಾವಳಿ ಕಳೆದ ಮೇಲಿನ ಭಾನುವಾರ ಸಂಜೆ ನಾನು ಹೊರಡುವ ಹೊತ್ತಿಗೆ ಅಂಗಡಿಯವನ ಫೋನೇ ಬಂತು. ಮಾಮನ ಕಾಟ ತಾಳದೆ ಅವನು ಅಂಥದೇ ಇನ್ನೊಂದು ಡಬ್ಬವನ್ನು ಮುಂದಿಟ್ಟುಕೊಂಡು ಕೂತಿದ್ದ. ಮಾಮ ಅವನು ಹೇಳಿದ್ದನ್ನು ಜೋರಾಗಿ ಒಪ್ಪಿಸಿದರು, ನಾನು ಹುಡುಕಿದೆ.

“ಕೆಂಪು ಅಂಕಿ ಕಾಣ್ತಾ? ಅದರ ಕೆಳಗೇ ಇದೆಯಂತೆ ನೋಡೇ.”

“ಅದರ ಕೆಳಗೆ ಗುಂಡಿ ಇಲ್ಲ ಮಾಮ. ಅಲ್ಲಿ ನೀವಿಟ್ಟ ಕುಂಕುಮ ಇದೆ.”

ಮಾಮ ಫೋನ್ ಹಿಡಿದುಕೊಂಡೇ ನನ್ನತ್ತ ತಿರುಗಿದರು. ನಾನು ಬಗ್ಗಿ ನೋಡಿದೆ. ಒಣಗಿದ ಗಂಧದ ಹೊಪ್ಪಳೆಯ ಅಂಚಿನಲ್ಲಿ ಗುಂಡಿಯ ಒಂದು ಮೂಲೆ ಇಣುಕುತ್ತಿತ್ತು. ಅಂಗಡಿಯವನು ಒತ್ತಿ ಕಳಿಸಿದ್ದ ಗುಂಡಿಯನ್ನು ಮಾಮ ಗಂಧ ಮೆತ್ತಿ ಮುಚ್ಚಿಬಿಟ್ಟಿದ್ದರು! ಆಯುಧಪೂಜೆಯ ಕುಂಕುಮವನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ತಾನಾಗಿ ಉದುರುವವರೆಗೂ ಅದು ಇರಬೇಕು. ಅತ್ತೆಯ ಹೊಲಿಗೆ ಯಂತ್ರದ ಮೇಲೆ ನಾಲ್ಕು ವರ್ಷದ ಹಬ್ಬಗಳು ಒಂದರ ಮೇಲೊಂದು ಕೂತಿದ್ದವು. ಹೀಗಿರುವಾಗ ಅದರ ಕೆಳಗೆ ಕೆರೆದು ನೋಡಬೇಕೆಂದು ಯಾರಿಗೆ ಹೊಳೆಯಬೇಕು?

ಮಾಮ ಫೋನ್ ಇಟ್ಟು ಎಂದಿನಂತೆ ನುಗ್ಗಿದರು. ಅತ್ತೆ ಒಳಗಿನಿಂದ ಬಂದವರು ತಡೆದರು.

“ತಡೀರಿ. ನೀವು ಮುಟ್ಟಿದ್ರೆ ಅರ್ಧ ನೆಲಕ್ಕೆ ಚೆಲ್ತೀರಿ. ಪೂಜೆ ಮಾಡಿದ್ದು ಅದು. ನಾನು ತಗೋತೀನಿ.”

ಕುರ್ಚಿ ಎಳೆದುಕೊಂಡು ಡಬ್ಬದ ಮುಂದೆ ಕೂತರು. ಎಡಗೈ ಮುಂದೆ ಬಂತು, ನೆನಪಾಗಿ ಹಿಂದೆ ಹೋಯಿತು. ಬಲಗೈಯನ್ನು ಮೇಜಿನ ಮೇಲಿಟ್ಟು, ಬೆರಳನ್ನು ಅಂಗುಲ ಅಂಗುಲವಾಗಿ ಸರಿಸಿ ಗಂಧಕ್ಕೆ ತಾಗಿಸಿದರು. ಬೆರಳು ಜಾರಿತು. ಮತ್ತೆ ತಾಗಿಸಿದರು. ಹೊಪ್ಪಳೆ ಎದ್ದಿತು, ಬೆರಳ ತುದಿಗೆ ಕುಂಕುಮ ಅಂಟಿತು. ಅದನ್ನೇನು ಮಾಡುವುದು? ಪ್ರಸಾದವನ್ನು ಸೀರೆಗೆ ಒರೆಸಿಕೊಳ್ಳಲಾಗುತ್ತದೆಯೇ? ಅತ್ತೆಯ ಕೈ ಮೇಲೇಳತೊಡಗಿತು. ನಡುಗುತ್ತಾ ಎದೆಯವರೆಗೆ ಬಂತು, ಗಲ್ಲದ ಹತ್ತಿರ ನಿಂತಿತು. ನಾನು ಹಿಡಿಯಲು ಹೋದೆ, ಮಾಮ ನನ್ನ ರಟ್ಟೆ ಒತ್ತಿ ನಿಲ್ಲಿಸಿದರು. ಕೈ ಮತ್ತೆ ಎದ್ದಿತು. ಎಷ್ಟೋ ಹೊತ್ತಿನ ಮೇಲೆ ಕುಂಕುಮ ಹಣೆಗೆ ತಾಗಿತು, ಸ್ವಲ್ಪ ಎಡಕ್ಕೆ.

ಅತ್ತೆ ಅದೇ ಬೆರಳನ್ನು ಇಳಿಸಿ ಗುಂಡಿ ಒತ್ತಿದರು. ಟಕ್ ಎಂದಿತು. ಕೆಂಪು ಮೂವತ್ತಮೂರು ಇಳಿದು ಎಂಟಾಯಿತು. ಆಟ ಹಾಕಿದೆ. ಒಂದು ಕಿತ್ತಳೆ, ಬರಲೋ ಬೇಡವೋ ಎನ್ನುವ ಹಾಗೆ ಮೆಲ್ಲಗೆ ಇಳಿಯತೊಡಗಿತು. ಬುಟ್ಟಿಯವನು ಒಂದು ಹೆಜ್ಜೆ ಸರಿದ, ನಿಂತ, ಇನ್ನೊಂದು ಹೆಜ್ಜೆ ಸರಿದ. ಕಿತ್ತಳೆ ಬುಟ್ಟಿಗೆ ಬಿತ್ತು! ಅತ್ತೆ ನಕ್ಕರು. ಆ ನಗುವನ್ನು ನೋಡಿ ಎಷ್ಟು ದಿನವಾಗಿತ್ತು! ನನಗೆ ಅಳು ಬಂತು.

ಕಣ್ಣೊರೆಸಿಕೊಂಡು ಗಡಿಯಾರ ನೋಡಿದರೆ ನನ್ನ ಗಾಡಿಯ ಹೊತ್ತು ಮೀರುತ್ತಿತ್ತು. ಪ್ರತಿ ಭಾನುವಾರ ನನ್ನ ಬಾಯಲ್ಲಿ ಇನ್ನೂ ಕಾಫಿ ಇರುವಾಗಲೇ ರಟ್ಟೆ ಹಿಡಿದು ಸ್ಟೇಷನ್ನಿಗೆ ಓಡಿಸುತ್ತಿದ್ದವರು ಮಾಮನೇ ಅಲ್ಲವೇ? ಗಾಬರಿಯಿಂದ ಚೀಲ ಎತ್ತಿಕೊಂಡೆ. ಮಾಮ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕಣ್ಣು ಆ ಬೆರಳ ಮೇಲೆಯೇ ಇತ್ತು. ಮೇಲಿನಿಂದ ಒಂದು ನುಗ್ಗೇಕಾಯಿ ಇಳಿದು ಬರುತ್ತಿತ್ತು.

“ಕೂತ್ಕೊಳೇ,” ಎಂದರು ಮಾಮ, ತಿರುಗಿಯೂ ನೋಡದೆ. “ಇನ್ನೊಂದು ಗಾಡಿ ಬರುತ್ತೆ.”